ಅಪ್ಪನ ಪುಣ್ಯಸ್ಮರಣೆ ಜಾಹೀರಾತಿನಲ್ಲಿ ಅವರ ಸಂಗಾತಿಯ ಹೆಸರು ಹಾಕಬಹುದೇ?

ಪ್ರಶ್ನೆ: ನನ್ನ ತಂದೆ ಶಿವಮೊಗ್ಗ ಜಿಲ್ಲೆಯ ಹೈಸ್ಕೂಲೊಂದರಲ್ಲಿ ಗಣಿತದ ಮೇಷ್ಟ್ರು. 2010ರಲ್ಲಿ, ತಾನು ಗೇ ಎಂದು ಅಮ್ಮನಿಗೂ ನಮ್ಮಿಬ್ಬರು ಮಕ್ಕಳಿಗೂ ಹೇಳಿದರು. ಮುಂದೆ ಅಪ್ಪ, ಅಮ್ಮ ಒಪ್ಪಿಕೊಂಡೇ ವಿಚ್ಛೇದನ ಪಡೆದರು. 2012ರಿಂದ ಅಪ್ಪ ಮೈಸೂರಿನಲ್ಲಿ ತಮ್ಮ ಸಂಗಾತಿಯ ಜೊತೆ ಬಾಡಿಗೆ ಮನೆ ಮಾಡಿಕೊಂಡಿದ್ದರು. ನನ್ನ ಮಕ್ಕಳು ಆ ಸಂಗಾತಿಯನ್ನು ‘ಮೈಸೂರು ಅಜ್ಜ’ ಅಂತಲೇ ಕರೆಯುತ್ತಾರೆ. ಅಪ್ಪ ತೀರಿಕೊಂಡು ಹತ್ತು ತಿಂಗಳಾಯಿತು. ವರ್ಷಾಬ್ದಿಕದ ದಿನ ಪತ್ರಿಕೆಯಲ್ಲಿ ಪುಣ್ಯಸ್ಮರಣೆ ಹಾಕಿಸಬೇಕು. ಅದರಲ್ಲಿ ಸಂಗಾತಿಯ ಹೆಸರು ಬೇಡ ಎಂದು ದೊಡ್ಡಪ್ಪ ಹಟ ಹಿಡಿದಿದ್ದಾರೆ, ಅಣ್ಣ ಎರಡೂ ಕಡೆ ಒಪ್ಪುತ್ತಾನೆ. ಮೈಸೂರಿನ ಮನೆಯಲ್ಲಿ ಅಪ್ಪನ ಕಾಗದಪತ್ರ, ಫೋಟೊ ತುಂಬಿದ ಒಂದು ಟ್ರಂಕ್ ಇದೆ, ಅದನ್ನೇನು ಮಾಡಲಿ? ಒಂಬತ್ತು ವರ್ಷದ ಮಗನಿಗೆ ಇದನ್ನೆಲ್ಲ ಎಷ್ಟು ಹೇಳಲಿ?

ಉತ್ತರ: ಹೆಸರು ಹಾಕಿ. ನಿಮ್ಮ ತಂದೆ ಹೆಂಡತಿ ಮಕ್ಕಳ ಮುಂದೆ ಕೂತು ತಾನು ಯಾರು ಎಂದು ಹೇಳಿ, ಆಮೇಲೆ ಹಾಗೆಯೇ ಬಾಳಿದವರು. ಬದುಕಿದ್ದಾಗ ಅವರು ಮುಚ್ಚಿಡದೆ ಇದ್ದದ್ದನ್ನು ತೀರಿಕೊಂಡ ಮೇಲೆ ಉಳಿದವರು ಮುಚ್ಚಿಡುವುದು ಸರಿಯಲ್ಲ. ಆದರೆ ಹಾಕುವ ಮೊದಲು ಇಬ್ಬರ ಹತ್ತಿರ ಕೂತು ಮಾತಾಡಿ. ಆ ಇಬ್ಬರಲ್ಲಿ ದೊಡ್ಡಪ್ಪ ಇಲ್ಲ.

ಮೊದಲನೆಯವರು ಸಂಗಾತಿ. ನಿಮ್ಮ ಅಪ್ಪ ಮನೆಯವರಿಗೆ ಹೇಳಿದ್ದರು ನಿಜ, ಅವರ ಸಂಗಾತಿ ತಮ್ಮ ಅಣ್ಣತಮ್ಮಂದಿರಿಗೆ ಹೇಳಿದ್ದಾರೆಯೇ? ಮನೆ ಮಾಲೀಕರು, ಅಕ್ಕಪಕ್ಕದವರು ಅವರಿಬ್ಬರನ್ನು ಏನೆಂದುಕೊಂಡಿದ್ದಾರೆ? ಪತ್ರಿಕೆ ಮನೆಮನೆಗೂ ಹೋಗುತ್ತದೆ. ಒಂದು ಹೆಸರಿನಿಂದ ಒಬ್ಬ ವಯಸ್ಸಾದವರ ಬಾಡಿಗೆ ಮನೆಗೇ ಸಂಚಕಾರ ಬರುವುದುಂಟು. ಆದ್ದರಿಂದ ಅಚ್ಚಾಗುವ ಒಕ್ಕಣೆಯನ್ನು ಪೂರ್ತಿ ಓದಿ ಹೇಳಿ, ಯೋಚಿಸಲು ನಾಲ್ಕು ದಿನ ಕೊಡಿ. ‘ನಿಮ್ಮಿಷ್ಟ ಕಣಮ್ಮ’ ಎಂದರೆ ಅದನ್ನು ಒಪ್ಪಿಗೆ ಎಂದುಕೊಳ್ಳಬೇಡಿ, ಇನ್ನೊಮ್ಮೆ ಕೇಳಿ. ಪೂರ್ತಿ ಹೆಸರು ಬೇಡ, ಇನಿಷಿಯಲ್ ಸಾಕು ಎಂದರೆ ಅಷ್ಟೇ ಹಾಕಿ.

ಎರಡನೆಯವರು ನಿಮ್ಮ ಅಮ್ಮ. ಅವರಿಂದ ಅಪ್ಪಣೆ ಪಡೆಯಬೇಕೆಂದು ಹೇಳುತ್ತಿಲ್ಲ. ಆದರೆ ಬೆಳಗಿನ ಕಾಫಿ ಹೊತ್ತಿಗೆ ಪತ್ರಿಕೆ ಬಿಚ್ಚಿ ಅವರೇ ಮೊದಲ ಸಲ ಅದನ್ನು ನೋಡುವ ಹಾಗಾಗಬಾರದು. ಅಪ್ಪನ ಬದುಕಿನಲ್ಲಿ ಅಮ್ಮನ ಸಂಸಾರದ ವರ್ಷಗಳೂ ಸೇರಿವೆ, ಆ ವರ್ಷಗಳ ನೋವಿನ ದೊಡ್ಡ ಪಾಲು ಅವರದ್ದೇ. ಹಾಗಾಗಿ ‘ಕೊನೆಗೆ ಸುಳ್ಳಿನ ಬದುಕು ಬಿಟ್ಟು ಬಂದರು’ ಎನ್ನುವಂಥ ವಾಕ್ಯ ಎಲ್ಲಿಯೂ ಬರದಂತೆ ನೋಡಿಕೊಳ್ಳಿ. ನಿಮ್ಮನ್ನು ಸಾಕಿ ಓದಿಸಿದ ಮನೆ ಸುಳ್ಳಾಗಿರಲಿಲ್ಲ. ಜಾಹೀರಾತಿನಲ್ಲಿ ತಮ್ಮ ಹೆಸರು ಇರಬೇಕೇ ಬೇಡವೇ ಎಂಬುದನ್ನು ಅಮ್ಮನೇ ತೀರ್ಮಾನಿಸಲಿ. ವಿಚ್ಛೇದನವಾಗಿರುವುದರಿಂದ ‘ಪತ್ನಿ’ ಎಂದು ಹಾಕಲು ಬರುವುದಿಲ್ಲ. ಇರಲಿ ಎಂದರೆ ‘ಮಕ್ಕಳ ತಾಯಿ’ ಎಂದು ಸೇರಿಸಬಹುದು.

ಇನ್ನು ಒಕ್ಕಣೆ. ಹೆಚ್ಚು ಎಡವುವುದು ಇಲ್ಲಿಯೇ. ನಮ್ಮ ಪುಣ್ಯಸ್ಮರಣೆಗಳಲ್ಲಿ ಫೋಟೊ, ಜನನ, ನಿಧನ, ‘ನೀವು ನಮ್ಮನ್ನಗಲಿ ಇಂದಿಗೆ ಒಂದು ವರ್ಷ’, ಎರಡು ಸಾಲು, ಕೊನೆಗೆ ಹೆಸರುಗಳು ಎಂಬ ಕ್ರಮ ಇದೆ. ಆ ಕ್ರಮವನ್ನೇ ಇಟ್ಟುಕೊಳ್ಳಿ, ಓದುವವರಿಗೆ ಸಲೀಸು. ಹೀಗೆ ಬರೆಯಬಹುದು:

‘ಅಪ್ಪ, ನೀವು ನಮ್ಮನ್ನಗಲಿ ಇಂದಿಗೆ ಒಂದು ವರ್ಷ. ಹಳ್ಳಿಯ ಮಕ್ಕಳಿಗೆ ಲೆಕ್ಕದ ಭಯ ಬಿಡಿಸಿದಿರಿ. ನಮಗೆ ನಿಜ ಹೇಳುವ ಧೈರ್ಯ ಕಲಿಸಿದಿರಿ. ಮೈಸೂರಿನಲ್ಲಿ ಬಾಳಸಂಗಾತಿಯೊಂದಿಗೆ ಹನ್ನೆರಡು ವರ್ಷ ನಿಮ್ಮ ಮನಸ್ಸಿಗೊಪ್ಪುವ ಬದುಕು ಬಾಳಿದಿರಿ. ನಿಮ್ಮ ನೆನಪಿನಲ್ಲಿ: ಬಾಳಸಂಗಾತಿ ಶ್ರೀ …, ಮಗ …, ಮಗಳು …, ಸೊಸೆ, ಅಳಿಯ, ಮೊಮ್ಮಕ್ಕಳು.’

ಸಂಗಾತಿಯ ಹೆಸರು ಮೊದಲು ಬಂದಿದೆ. ಯಾವ ಮನೆಯ ಜಾಹೀರಾತಿನಲ್ಲಾದರೂ ಗಂಡನೋ ಹೆಂಡತಿಯೋ ಬರುವ ಜಾಗ ಅದು. ಅದನ್ನು ಕೊನೆಗೆ, ‘ಬಂಧುಮಿತ್ರರು’ ಎನ್ನುವ ಸಾಲಿನ ಪಕ್ಕ ತಳ್ಳಿದರೆ, ಹಾಕಿಯೂ ಹಾಕದ ಹಾಗೆ. ‘ಆಪ್ತಮಿತ್ರ’ ಎಂದು ಬರೆದು ಎಲ್ಲರನ್ನೂ ಸಮಾಧಾನಪಡಿಸೋಣ ಎಂದು ಅಣ್ಣ ಹೇಳಬಹುದು. ಸಂಗಾತಿಯೇ ತಮ್ಮ ಸುರಕ್ಷತೆಗಾಗಿ ಹಾಗೆ ಕೇಳಿದರೆ ಮಾತ್ರ ಒಪ್ಪಿ, ದೊಡ್ಡಪ್ಪನ ಸಮಾಧಾನಕ್ಕಾಗಿ ಬೇಡ. ‘ಗೇ’ ಎಂಬ ಪದ ಈ ಪುಟ್ಟ ಚೌಕದಲ್ಲಿ ಬರಲೇಬೇಕೆಂದಿಲ್ಲ, ಸಂಬಂಧವೇ ಅದನ್ನು ಹೇಳುತ್ತದೆ. ನೆನಪಿನ ಪುಸ್ತಿಕೆಯೊಂದನ್ನು ಮಾಡುವುದಾದರೆ, ಅಲ್ಲಿ ಅಪ್ಪ ತಮ್ಮ ಬಗ್ಗೆ ಬಳಸುತ್ತಿದ್ದ ಪದವನ್ನೇ ನೇರವಾಗಿ ಬರೆಯಿರಿ.

ಕೊಡುವಾಗ ಜಾಹೀರಾತು ವಿಭಾಗದವರು ಮರಣ ಪ್ರಮಾಣಪತ್ರದ ಪ್ರತಿ, ನಿಮ್ಮ ಗುರುತಿನ ಚೀಟಿ ಕೇಳುತ್ತಾರೆ. ಸಂಗಾತಿಯ ಒಪ್ಪಿಗೆಯ ಒಂದು ಸಾಲಿನ ಸಹಿ ಪತ್ರವನ್ನೂ ಕೊಂಡೊಯ್ದರೆ ಪ್ರಶ್ನೆಗಳು ಅಲ್ಲಿಗೇ ಮುಗಿಯುತ್ತವೆ. ಐದಾರು ದಿನ ಮುಂಚೆಯೇ ಕೊಟ್ಟು, ಅಚ್ಚಿಗೆ ಹೋಗುವ ಪ್ರೂಫನ್ನು ಕಣ್ಣಾರೆ ನೋಡಿ. ‘ಬಾಳಸಂಗಾತಿ’ ಎಂಬ ಪದ ಕಂಡ ಕೂಡಲೇ ಟೈಪ್ ಮಾಡುವವರು ಒಳ್ಳೆಯ ಮನಸ್ಸಿನಿಂದಲೇ ‘ಶ್ರೀ’ಯನ್ನು ‘ಶ್ರೀಮತಿ’ ಎಂದು ತಿದ್ದಿಬಿಡಬಹುದು. ಆ ‘ಶ್ರೀ’ಯನ್ನು ಪೆನ್ನಿನಿಂದ ಸುತ್ತುಹಾಕಿ ‘ಹೀಗೇ ಇರಲಿ’ ಎಂದು ಬರೆದುಕೊಡಿ.

ತಾರೀಖಿನಲ್ಲೂ ಗೊಂದಲವಾಗುತ್ತದೆ. ಪತ್ರಿಕೆಯ ಪುಣ್ಯಸ್ಮರಣೆ ಕ್ಯಾಲೆಂಡರ್ ತಾರೀಖಿಗೆ, ಶ್ರಾದ್ಧ ತಿಥಿಗೆ. ಚಾಂದ್ರಮಾನ ವರ್ಷ ಸುಮಾರು 354 ದಿನದ್ದಾದ್ದರಿಂದ ತಿಥಿ ಹತ್ತು ಹನ್ನೊಂದು ದಿನ ಮುಂಚೆಯೇ ಬರುತ್ತದೆ, ನಡುವೆ ಅಧಿಕ ಮಾಸ ಬಿದ್ದರೆ ಹದಿನೆಂಟು ಹತ್ತೊಂಬತ್ತು ದಿನ ತಡವಾಗಿ ಬರುತ್ತದೆ. ಪುರೋಹಿತರಿಂದ ತಿಥಿ ಖಚಿತ ಮಾಡಿಕೊಂಡು, ಎರಡೂ ದಿನವನ್ನು ಸಂಗಾತಿಗೆ ಮೊದಲೇ ತಿಳಿಸಿ. ‘ಅವರಿಗೆ ಹೇಳೋದು ಮರೆತೇ ಹೋಯ್ತು’ ಎಂಬುದು ಇಂಥ ಮನೆಗಳಲ್ಲಿ ಮರೆವಿನಿಂದ ಆಗುವುದು ಕಡಿಮೆ.

ಶ್ರಾದ್ಧದ ಕರ್ತೃ ನಿಮ್ಮ ಅಣ್ಣ, ಅದರಲ್ಲಿ ತಕರಾರಿಲ್ಲ. ಹಾಗೆಂದು ಸಂಗಾತಿ ಅಪ್ಪನ ಹೆಸರಿನಲ್ಲಿ ಎಳ್ಳುನೀರು ಬಿಡಲು ದಾರಿಯೇ ಇಲ್ಲ ಎಂದಲ್ಲ. ಮಹಾಲಯ ಪಕ್ಷದ ತರ್ಪಣದಲ್ಲಿ ತಂದೆ, ತಾಯಿ, ಅಜ್ಜಂದಿರ ಜೊತೆಗೆ ಗುರು, ಶಿಷ್ಯ, ಸಖ, ಆಪ್ತರ ಹೆಸರನ್ನೂ ಹೇಳುವ ರೂಢಿ ಹಿಂದಿನಿಂದಲೂ ಇದೆ. ಸಂಗಾತಿಯ ತಂದೆ ತೀರಿಹೋಗಿದ್ದರೆ, ಅವರಿಗೆ ಆಚರಣೆಯಲ್ಲಿ ನಂಬಿಕೆಯೂ ಇದ್ದರೆ, ಪುರೋಹಿತರಿಗೆ ಒಂದು ಮಾತು ಹೇಳಿದರಾಯಿತು. ಊಟಕ್ಕೆ ಕೂರಿಸುವಾಗ ಮನೆಯವರ ಪಂಕ್ತಿಯಲ್ಲೇ ಎಲೆ ಹಾಕಿಸಿ, ಅದನ್ನು ನೀವೇ ನಿಂತು ನೋಡಿಕೊಳ್ಳಿ. ಅಪ್ಪನ ಮೈಸೂರಿನ ಸ್ನೇಹಿತರಲ್ಲಿ ಕೆಲವರು ನಿಮ್ಮ ನೆಂಟರಿಷ್ಟರ ನಡುವೆ ಬರಲು ಹಿಂಜರಿಯುತ್ತಾರೆ. ಅವರಿಗಾಗಿ ತಾರೀಖಿನ ದಿನ ಮೈಸೂರಿನ ಮನೆಯಲ್ಲೇ ಒಂದು ಸಂಜೆ ಇಟ್ಟುಕೊಳ್ಳಿ. ಇಪ್ಪತ್ತು ಜನ, ಒಂದು ಫೋಟೊ, ಉಪ್ಪಿಟ್ಟು, ಕಾಫಿ ಸಾಕು. ಅಪ್ಪನ ಬಗ್ಗೆ ನೀವು ಕೇಳಿರದ ಎಷ್ಟೋ ಸಂಗತಿಗಳು ಅಲ್ಲಿ ಕಿವಿಗೆ ಬೀಳುತ್ತವೆ.

ದೊಡ್ಡಪ್ಪನ ಜೊತೆ ವಾದಕ್ಕೆ ಇಳಿಯಬೇಡಿ, ಕಾನೂನು ಓದಿ ಹೇಳಲೂ ಹೋಗಬೇಡಿ. ‘ದೊಡ್ಡಪ್ಪ, ಅಪ್ಪನೇ ನಮಗೆ ಹೇಳಿದ್ದು. ಅವರು ಹೇಳಿದ್ದನ್ನು ನಾನು ಮುಚ್ಚಿಡೋದಿಲ್ಲ. ನಿಮ್ಮ ಹೆಸರು ಅದರಲ್ಲಿ ಬೇಡ ಅಂದ್ರೆ ಹಾಕಿಸೋದಿಲ್ಲ’ ಎಂದಷ್ಟೇ ಹೇಳಿ. ಎಷ್ಟು ಸಲ ಕೇಳಿದರೂ ಇದೇ ಮಾತು. ಮರ್ಯಾದೆಯ ಪ್ರಶ್ನೆಗೆ ದಿನಕ್ಕೊಂದು ಉತ್ತರ ಕೊಡುತ್ತ ಹೋದರೆ ಮಾತು ಬೆಳೆಯುತ್ತದೆ. ಅಣ್ಣನಿಗೆ ಬೇಕಿರುವುದು ಸಮಯ. ಅವರನ್ನು ಒಮ್ಮೆ ಮೈಸೂರಿಗೆ ಕರೆದೊಯ್ದು, ಟ್ರಂಕನ್ನು ಜೊತೆಗೇ ತೆಗೆಯಿರಿ.

ಆ ಟ್ರಂಕಿನ ವಿಷಯಕ್ಕೆ ಬರೋಣ. ಅದನ್ನು ಶಿವಮೊಗ್ಗಕ್ಕೆ ತರಬೇಡಿ. ಹನ್ನೆರಡು ವರ್ಷ ಅದು ಇದ್ದ ಮನೆ ಅದು, ಮೇಲಾಗಿ ಮಲೆನಾಡಿನ ಮಳೆಗಾಲ ಫೋಟೊಗಳಿಗೆ ಯಮ. ಸಂಗಾತಿಯೂ ಹತ್ತಿರ ಕೂತಿರುವಾಗ ತೆಗೆಯಿರಿ. ಮೊದಲು ಮುಟ್ಟದೆ, ಇದ್ದ ಹಾಗೆಯೇ ಪದರ ಪದರವಾಗಿ ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಯಾವ ಪತ್ರ ಯಾವುದರ ಜೊತೆಗಿತ್ತು ಎನ್ನುವುದೇ ಎಷ್ಟೋ ಸಲ ಕಾಲವನ್ನೂ ಸಂಬಂಧವನ್ನೂ ಹೇಳುತ್ತದೆ. ತಾರೀಖಿನ ಪ್ರಕಾರ ಜೋಡಿಸುವ ಆಸೆಯಾಗುತ್ತದೆ, ತಡೆಯಿರಿ. ಇದ್ದ ಕ್ರಮದಲ್ಲೇ ಹಿಂಬದಿಯ ಮೂಲೆಯಲ್ಲಿ 2ಬಿ ಪೆನ್ಸಿಲಿನಿಂದ ಹಗುರವಾಗಿ ಸಂಖ್ಯೆ ಹಾಕಿ. ಬಾಲ್‌ಪೆನ್ನಿನ ಒತ್ತು ಮುಂಬದಿಗೆ ಮೂಡುತ್ತದೆ, ಶಾಯಿಯೂ ಹರಡುತ್ತದೆ.

ಗುಂಡುಪಿನ್ನು, ಸ್ಟೇಪಲ್, ರಬ್ಬರ್‌ಬ್ಯಾಂಡ್ ತೆಗೆದುಬಿಡಿ. ತುಕ್ಕು ಕಾಗದ ತಿನ್ನುತ್ತದೆ, ರಬ್ಬರ್ ಕರಗಿ ಅಂಟುತ್ತದೆ. ಲಕೋಟೆ ಎಸೆಯಬೇಡಿ. ಪತ್ರದಲ್ಲಿ ತಾರೀಖಿಲ್ಲದಿದ್ದರೂ ಅಂಚೆ ಮುದ್ರೆಯಲ್ಲಿ ಇರುತ್ತದೆ. ನೀಲಿ ಇನ್‌ಲ್ಯಾಂಡ್ ಪತ್ರಗಳು ಮಡಿಕೆಯಲ್ಲೇ ಹರಿಯುವುದರಿಂದ, ನಿಧಾನವಾಗಿ ಬಿಡಿಸಿ, ಎರಡು ಬಿಳಿ ಹಾಳೆಗಳ ನಡುವೆ ಇಟ್ಟು ದಪ್ಪ ಪುಸ್ತಕದ ಭಾರದಲ್ಲಿ ಎರಡು ದಿನ ಬಿಡಿ. ಹರಿದದ್ದಕ್ಕೆ ಸೆಲೋಟೇಪ್ ಹಚ್ಚಬೇಡಿ, ಕೆಲವೇ ವರ್ಷಗಳಲ್ಲಿ ಹಳದಿ ಕಲೆ ಉಳಿಸಿ ಉದುರುತ್ತದೆ. ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಆ ಬಿಸಿ, ಆ ಪ್ಲಾಸ್ಟಿಕ್ ಎರಡನ್ನೂ ಮತ್ತೆ ಬಿಡಿಸಲು ಬರುವುದಿಲ್ಲ.

ಎಂಬತ್ತು ತೊಂಬತ್ತರ ದಶಕದ ಆಲ್ಬಮ್‌ಗಳಲ್ಲಿ ಅಂಟಿನ ಹಾಳೆಯ ಮೇಲೆ ಫೋಟೊ ಇಟ್ಟು ಪ್ಲಾಸ್ಟಿಕ್ ಮುಚ್ಚುವ ಒಂದು ಬಗೆ ಇತ್ತು. ಇದ್ದುದರಲ್ಲಿ ಕೆಟ್ಟದ್ದು ಅದೇ. ಫೋಟೊ ಅಂಟಿಕೊಂಡಿದ್ದರೆ ಉಗುರು ಹಾಕಿ ಕೀಳದೆ, ಮೇಣವಿಲ್ಲದ ಡೆಂಟಲ್ ಫ್ಲಾಸ್ ದಾರವನ್ನು ಫೋಟೊ ಮತ್ತು ಹಾಳೆಯ ನಡುವೆ ತೂರಿಸಿ, ಗರಗಸದ ಹಾಗೆ ಮೆಲ್ಲಗೆ ಎಳೆಯಿರಿ. ಅದಕ್ಕೂ ಬಗ್ಗದಿದ್ದರೆ ಹಾಳೆಯಲ್ಲಿದ್ದಂತೆಯೇ ಸ್ಕ್ಯಾನ್ ಮಾಡಿ ಬಿಟ್ಟುಬಿಡಿ. ಪತ್ರಗಳನ್ನು 400 ಡಿಪಿಐ (ಸ್ಕ್ಯಾನಿನ ಸ್ಪಷ್ಟತೆಯ ಅಳತೆ), ಫೋಟೊಗಳನ್ನು 600, 35 ಎಂಎಂ ನೆಗೆಟಿವ್ ಸಿಕ್ಕರೆ ಕನಿಷ್ಠ 2400ರಲ್ಲಿ, ಎಲ್ಲವನ್ನೂ ಬಣ್ಣದಲ್ಲೇ ಸ್ಕ್ಯಾನ್ ಮಾಡಿ. ಇಟ್ಟುಕೊಳ್ಳಲು ಟಿಫ್ ಫೈಲ್, ಹಂಚಲು ಜೆಪೆಗ್ ಫೈಲ್. ಪ್ರತಿಗಳು ಮೂರು ಇರಲಿ: ಒಂದು ನಿಮ್ಮ ಹತ್ತಿರ, ಒಂದು ಸಂಗಾತಿಯ ಹತ್ತಿರ, ಇನ್ನೊಂದು ಬೇರೆ ಊರಿನಲ್ಲಿ. ಪೆನ್‌ಡ್ರೈವನ್ನೊಂದೇ ನಂಬಬೇಡಿ. ಮೂಲ ಕಾಗದಗಳನ್ನು ನೆಲದಿಂದ ಒಂದಡಿ ಮೇಲೆ, ಹೊರಗೋಡೆಗೆ ತಾಗದ ಬೀರುವಿನಲ್ಲಿ ಇಡಿ. ತೇವ ಹೀರುವ ಸಿಲಿಕಾ ಜೆಲ್ ಚೀಟಿಗಳನ್ನು ಮಳೆಗಾಲದಲ್ಲಿ ಎರಡು ತಿಂಗಳಿಗೊಮ್ಮೆ ಬದಲಿಸಿ. ನುಸಿಗುಳಿಗೆ ಫೋಟೊಗಳ ಜೊತೆ ಬೇಡ.

ಇನ್ನು ಓದುವ ವಿಚಾರ. ಸಂಗಾತಿ ಬರೆದದ್ದಷ್ಟೇ ಅಲ್ಲ, ಬೇರೆ ಗಂಡಸರು ಬರೆದ ಪತ್ರಗಳೂ ಇರಬಹುದು. ಅವರಲ್ಲಿ ಹಲವರು ಮದುವೆಯಾಗಿ ಮೊಮ್ಮಕ್ಕಳನ್ನು ಕಂಡವರು, ಯಾರಿಗೂ ಹೇಳದವರು. ಕೆಲವರು ಹೆಣ್ಣಿನ ಹೆಸರಿನಲ್ಲಿ ಸಹಿ ಹಾಕಿರುತ್ತಾರೆ, ಕೆಲವರು ಬರೀ ಒಂದಕ್ಷರದಲ್ಲಿ. ಅದು ಯಾರು ಎಂದು ಪತ್ತೆಹಚ್ಚಲು ಹೊರಡಬೇಡಿ, ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕಲೇಬೇಡಿ. ಅಂಥವನ್ನು ಬೇರೆ ಲಕೋಟೆಯಲ್ಲಿ ಕಟ್ಟಿ, ಸಂಗಾತಿಯ ಸಲಹೆ ಕೇಳಿ. ಬರೆದವರು ಬದುಕಿದ್ದು ಅವರಿಗೆ ಪರಿಚಯವಿದ್ದರೆ ವಾಪಸು ಕೊಡುವುದು ಒಳ್ಳೆಯದು. ಸುಟ್ಟುಹಾಕುವ ತೀರ್ಮಾನವನ್ನು ಮಾತ್ರ ಮೊದಲ ವರ್ಷದಲ್ಲಿ ಯಾರೂ ಮಾಡಬಾರದು.

ಪ್ರಕಟಿಸುವ ಹಕ್ಕಿನ ಬಗ್ಗೆ ಒಂದು ಮಾತು. ಬಂದ ಪತ್ರದ ಕಾಗದ ಪಡೆದವರದ್ದು, ಅದರೊಳಗಿನ ಬರಹದ ಹಕ್ಕು ಬರೆದವರದ್ದು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಆ ಹಕ್ಕು ಬರೆದವರು ತೀರಿಕೊಂಡ ಮೇಲೂ ಉಳಿಯುತ್ತದೆ, ಅವರು ಬದುಕಿದ್ದಾಗ ಅಚ್ಚಾಗದ ಬರಹಕ್ಕೆ ಅದು ಮೊದಲು ಪ್ರಕಟವಾದ ಮೇಲೆ 60 ವರ್ಷ. ಅಂದರೆ ಅಪ್ಪ ಸಂಗಾತಿಗೆ ಬರೆದ ಪತ್ರದ ಕಾಗದ ಸಂಗಾತಿಯದ್ದು, ಅಚ್ಚು ಹಾಕಿಸುವ ಹಕ್ಕು ಅಪ್ಪನ ವಾರಸುದಾರರದ್ದು. ಸಂಗಾತಿ ಅಪ್ಪನಿಗೆ ಬರೆದದ್ದಕ್ಕೆ ಇದು ತಿರುಗುಮುರುಗು. ಪುಸ್ತಿಕೆ ಮಾಡುವುದಾದರೆ ನಿಮ್ಮಿಬ್ಬರಿಗೂ ಪರಸ್ಪರರ ಒಪ್ಪಿಗೆ ಬೇಕು, ಬರಹದಲ್ಲಿ ಇದ್ದರೆ ಮುಂದೆ ಮನಸ್ತಾಪವಿರದು.

ಟ್ರಂಕಿನ ತಳದಲ್ಲಿ ಹಳೆಯ ಪತ್ರಿಕೆ, ಕರಪತ್ರ ಸಿಕ್ಕರೆ ರದ್ದಿ ಎಂದುಕೊಳ್ಳಬೇಡಿ. ಮುಂಬೈಯಿಂದ 1990ರಲ್ಲಿ ಶುರುವಾದ ಗೇ ಪತ್ರಿಕೆ ‘ಬಾಂಬೆ ದೋಸ್ತ್’ನ ಸಂಚಿಕೆಯೋ, 1994ರಲ್ಲಿ ಬೆಂಗಳೂರಿನಲ್ಲಿ ಸಲಿಂಗಪ್ರೇಮಿಗಳಿಗಾಗಿ ಆರಂಭವಾದ ‘ಗುಡ್ ಆ್ಯಸ್ ಯು’ ಬಳಗದ ಚೀಟಿಯೋ, 2008ರ ಮೊದಲ ಬೆಂಗಳೂರು ಪ್ರೈಡ್ ಮೆರವಣಿಗೆಯ ಕರಪತ್ರವೋ ಇದ್ದರೆ, ಸಣ್ಣ ಊರಿನ ಮೇಷ್ಟ್ರೊಬ್ಬರು ತಮ್ಮಂಥವರನ್ನು ಹೇಗೆ ಹುಡುಕಿಕೊಂಡರು ಎನ್ನುವುದಕ್ಕೆ ಅದೇ ಸಾಕ್ಷಿ. ಇಂಥ ಕಾಗದಗಳನ್ನು ಕಾಪಿಡಲೆಂದೇ ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನಲ್ಲಿ ‘ಕ್ವಾಮ್ರಾ’ ಎಂಬ ಕ್ವೀರ್ (ಗೇ, ಲೆಸ್ಬಿಯನ್, ಟ್ರಾನ್ಸ್‌ಜೆಂಡರ್ ಮುಂತಾದವರ) ದಾಖಲೆಗಳ ಸಂಗ್ರಹಾಲಯ ಇದೆ. ಕೊಡುವ ಮುನ್ನ ಯಾವುದನ್ನು ಯಾರು, ಯಾವಾಗಿನಿಂದ ನೋಡಬಹುದು ಎಂಬ ಷರತ್ತನ್ನು ಲಿಖಿತವಾಗಿ ಮಾಡಿಕೊಳ್ಳಿ.

ಅಪ್ಪನ ಫೋನಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. ವಾಟ್ಸ್‌ಆ್ಯಪ್ ಖಾತೆ 120 ದಿನ ಬಳಸದಿದ್ದರೆ ಅಳಿಸಿಹೋಗುತ್ತದೆ. ಹತ್ತು ತಿಂಗಳಾದ್ದರಿಂದ ಖಾತೆ ಹೋಗಿರಬಹುದು, ಆದರೆ ಹಳೆಯ ಸಂದೇಶಗಳು ಆ ಫೋನಿನಲ್ಲೇ ಉಳಿದಿರುತ್ತವೆ. ಆದ್ದರಿಂದ ಆ್ಯಪನ್ನು ಅಳಿಸಬೇಡಿ, ಫೋನನ್ನು ರೀಸೆಟ್ ಮಾಡಿ ಮಗನಿಗೆ ಆಡಲು ಕೊಡಬೇಡಿ. ಅಪ್ಪನ ಧ್ವನಿ ಸಂದೇಶಗಳು ಸಂಗಾತಿಯ ಫೋನಿನಲ್ಲೂ ಇರುತ್ತವೆ. ಅವರೇ ಬೇಕಾದ್ದನ್ನು ಆರಿಸಿ ನಿಮಗೆ ಕಳಿಸಿಕೊಡಲಿ. ಗೂಗಲ್ ಖಾತೆ ಎರಡು ವರ್ಷ ಬಳಕೆಯಾಗದಿದ್ದರೆ ಅಳಿಸುವ ನಿಯಮವಿರುವುದರಿಂದ, ಅದರಲ್ಲಿನ ಫೋಟೊಗಳಿಗಾಗಿ ಮರಣ ಪ್ರಮಾಣಪತ್ರದೊಂದಿಗೆ ಈಗಲೇ ಅರ್ಜಿ ಹಾಕಿ. ಡೇಟಿಂಗ್ ಆ್ಯಪ್ ಕಂಡರೆ ತೆರೆಯದೆ ಬಿಡಿ. ಅದರಲ್ಲಿರುವುದು ಬೇರೆಯವರ ಗುಟ್ಟು.

ಎಲ್ಲಕ್ಕಿಂತ ಬೆಲೆಯುಳ್ಳದ್ದು ಸಂಗಾತಿಯ ನೆನಪು, ಅದಕ್ಕೂ ವಯಸ್ಸಾಗುತ್ತಿದೆ. ಅವರನ್ನು ಮಾತಾಡಿಸಿ ಧ್ವನಿಮುದ್ರಿಸಿಕೊಳ್ಳಿ. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಅವರ ಬಾಯಿಯಿಂದ ಎರಡು ಗೇಣು ದೂರದಲ್ಲಿ ಬಟ್ಟೆಯ ಮೇಲೆ ಇಡಿ. ಫ್ಯಾನ್ ಆರಿಸಿ. ಒಂದು ಸಲಕ್ಕೆ 45 ನಿಮಿಷ ಸಾಕು. ‘ಅಪ್ಪ ಹೇಗಿದ್ದರು?’ ಎಂದು ಕೇಳಿದರೆ ‘ತುಂಬಾ ಒಳ್ಳೆಯವರು’ ಎಂಬ ಉತ್ತರ ಬಂದು ಮಾತು ಮುಗಿಯುತ್ತದೆ. ಒಂದು ಸಾಮಾನು, ಒಂದು ದಿನ, ಒಂದು ಜಾಗ ಹಿಡಿದು ಕೇಳಿ: ಮನೆ ನೋಡಲು ಹೋದಾಗ ಮಾಲೀಕರಿಗೆ ಏನು ಹೇಳಿದಿರಿ? ಬೆಳಗ್ಗೆ ಕಾಫಿ ಯಾರು ಮಾಡುತ್ತಿದ್ದರು? ಜಗಳ ಯಾವುದಕ್ಕೆ ಆಗುತ್ತಿತ್ತು?

ಕೆಲವು ತಾರೀಖುಗಳನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ. ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ ದಂಡಸಂಹಿತೆಯ 377ನೇ ಸೆಕ್ಷನ್ನಿನ ಹಿಡಿತವನ್ನು ದೆಹಲಿ ಹೈಕೋರ್ಟ್ ಸಡಿಲಿಸಿದ್ದು 2009ರ ಜುಲೈ 2ರಂದು, ನಿಮ್ಮ ಅಪ್ಪ ಮನೆಯಲ್ಲಿ ಬಾಯಿಬಿಟ್ಟದ್ದು ಮರುವರ್ಷ. ಅವರು ಮೈಸೂರಿನಲ್ಲಿ ಮನೆ ಮಾಡಿದ ಮರುವರ್ಷವೇ, 2013ರ ಡಿಸೆಂಬರ್ 11ರಂದು, ಸುಪ್ರೀಂ ಕೋರ್ಟ್ ಆ ತೀರ್ಪನ್ನು ರದ್ದುಮಾಡಿತು. ಅಲ್ಲಿಂದ, ಅದು ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟೇ ಹೇಳಿದ 2018ರ ಸೆಪ್ಟೆಂಬರ್ 6ರವರೆಗೆ, ಸುಮಾರು ಐದು ವರ್ಷ, ಹತ್ತು ವರ್ಷದವರೆಗೆ ಅಥವಾ ಜೀವಾವಧಿ ಶಿಕ್ಷೆ ವಿಧಿಸಬಹುದಾದ ಕಾನೂನಿನ ಕೆಳಗೇ ಅವರಿಬ್ಬರೂ ಒಂದೇ ಸೂರಿನಡಿ ಸಂಸಾರ ನಡೆಸಿದರು. ಆ ವರ್ಷಗಳಲ್ಲಿ ಬಾಗಿಲು ತಟ್ಟಿದರೆ ಏನನಿಸುತ್ತಿತ್ತು ಎಂದು ಕೇಳಿ. ನಿಮ್ಮ ತಂದೆಯ ಧೈರ್ಯದ ಅಳತೆ ನಿಮಗೆ ಸಿಗುವುದು ಆ ಉತ್ತರದಲ್ಲಿ. ಧ್ವನಿಮುದ್ರಣ ಮುಗಿದ ಮೇಲೆ ಇದು ಮನೆಯವರಿಗೆ ಮಾತ್ರವೋ, ತಮ್ಮ ಕಾಲಾನಂತರ ಹೊರಗೆ ಬರಬಹುದೋ ಎಂಬುದನ್ನು ಅವರಿಂದಲೇ ಬರೆಸಿಕೊಳ್ಳಿ.

ಹಣಕಾಸಿನದು ಚಿಕ್ಕದಾಗಿ ಹೇಳುತ್ತೇವೆ. ಸಲಿಂಗ ವಿವಾಹಕ್ಕೆ ಮಾನ್ಯತೆ ಕೊಡಲಾಗದೆಂದು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್ 17ರಂದು ಹೇಳಿದ್ದರಿಂದ, ಉಯಿಲು ಇಲ್ಲದಿದ್ದರೆ ಹಿಂದೂ ಉತ್ತರಾಧಿಕಾರ ಕಾಯ್ದೆಯಡಿ ಸಂಗಾತಿ ವಾರಸುದಾರರಾಗುವುದಿಲ್ಲ. ಕ್ವೀರ್ ಸಂಗಾತಿಗಳು ಜಂಟಿ ಖಾತೆ ತೆರೆಯಲು, ನಾಮಿನಿ ಮಾಡಲು ಅಡ್ಡಿಯಿಲ್ಲ ಎಂದು ಕೇಂದ್ರ ಹಣಕಾಸು ಸಚಿವಾಲಯ 2024ರ ಆಗಸ್ಟ್ 28ರಂದು ಸ್ಪಷ್ಟಪಡಿಸಿದೆ. ಬ್ಯಾಂಕಿನಲ್ಲಿ ಅವರೇ ನಾಮಿನಿಯಾಗಿದ್ದರೆ ಹಣ ಅವರ ಕೈಗೆ ಬರುತ್ತದೆ, ಆದರೆ ವಾರಸುದಾರರ ಹಕ್ಕು ಹೋಗುವುದಿಲ್ಲ. ಅದರಲ್ಲಿ ಅವರಿಗೆ ಎಷ್ಟು ಬಿಡಬೇಕೆಂಬುದು ನಿಮ್ಮ, ಅಣ್ಣನ ಮನಸ್ಸಿಗೆ ಸೇರಿದ್ದು. ಮನೆಯ ಕರಾರು ಅಪ್ಪನ ಹೆಸರಿನಲ್ಲೇ ಇದ್ದರೆ, ಪತ್ರಿಕೆಯಲ್ಲಿ ಜಾಹೀರಾತು ಬರುವ ಮುಂಚೆ ಸಂಗಾತಿಯ ಹೆಸರಿಗೆ ಹೊಸ ಕರಾರು ಮಾಡಿಸಿ. ಅಡ್ವಾನ್ಸ್ ಹಣ ಅವರ ಹೆಸರಿಗೆ ವರ್ಗವಾಗಲು ಮಕ್ಕಳಿಬ್ಬರೂ ಆಕ್ಷೇಪವಿಲ್ಲವೆಂದು ಸಹಿ ಮಾಡಿಕೊಡಿ.

ಮಗನಿಗೆ ಎಷ್ಟು ಹೇಳಬೇಕೆಂದು ಕೇಳಿದ್ದೀರಿ. ಅವನಿಗೆ ಅರ್ಧ ಗೊತ್ತೇ ಇದೆ. ‘ಅಜ್ಜನಿಗೂ ಮೈಸೂರು ಅಜ್ಜನಿಗೂ ಒಬ್ಬರಿಗೊಬ್ಬರು ಅಂದ್ರೆ ತುಂಬ ಪ್ರೀತಿ. ಗಂಡ ಹೆಂಡತಿ ಹೇಗೆ ಜೊತೆಗಿರ್ತಾರೋ ಹಾಗೇ ಇದ್ರು. ಅಂಥವರನ್ನ ಗೇ ಅಂತಾರೆ’ ಎಂದು ಮನೆಯ ಮಾತಿನಲ್ಲೇ, ಅಡುಗೆ ಮಾಡುತ್ತಲೋ ಬಸ್ಸಿನಲ್ಲೋ ಹೇಳಿಬಿಡಿ. ಕೂರಿಸಿಕೊಂಡು ದನಿ ತಗ್ಗಿಸಿ ಹೇಳಿದರೆ ಇದೇನೋ ಕೆಟ್ಟ ಸುದ್ದಿ ಎಂದುಕೊಳ್ಳುತ್ತಾನೆ. ‘ಹಾಗಾದ್ರೆ ಅಜ್ಜಿ?’ ಎಂದು ಕೇಳಿಯೇ ಕೇಳುತ್ತಾನೆ. ಅಜ್ಜಿಗೆ ಆಗ ಬೇಜಾರಾಗಿತ್ತು, ಅಜ್ಜ ಅಜ್ಜಿಗೆ ನಿಜ ಹೇಳಿದರು, ಆಮೇಲೆ ಇಬ್ಬರೂ ಬೇರೆ ಬೇರೆ ಮನೆಯಲ್ಲಿದ್ದರು ಎಂದು ಹೇಳಿ, ಅಷ್ಟೂ ನಿಜವೇ. ಯಾರಿಗೂ ಹೇಳಬೇಡ ಎಂಬ ಭಾರವನ್ನು ಅವನ ಮೇಲೆ ಹೊರಿಸಬೇಡಿ. ಶಾಲೆಯಲ್ಲಿ ಯಾರಾದರೂ ಕೆಣಕಿದರೆ ಮನೆಗೆ ಬಂದು ನಿಮಗೆ ಹೇಳಬೇಕೆಂದು ಮೊದಲೇ ತಿಳಿಸಿ. ಜಾಹೀರಾತಿನಲ್ಲಿ ಮೊಮ್ಮಕ್ಕಳ ಹೆಸರು ಹಾಕಿಸುವುದಾದರೆ ಅವನಿಗೂ ತೋರಿಸಿ, ತನ್ನ ಹೆಸರಿನ ಕಾಗುಣಿತವನ್ನು ಅವನೇ ನೋಡಲಿ.